ಹಿರಿಯ ಕ್ಲೈಂಬರ್ ಚಿಕಿತ್ಸೆಗೆ ಆ್ಯಪ್‌ನಲ್ಲಿ ಹಣ ಎತ್ತಿದ ನಮ್ಮ ಅನುಭವ

ಮಂಗಳೂರಿನ ನಮ್ಮ ಕ್ಲೈಂಬಿಂಗ್ ಬಳಗ, ನಮಗೆಲ್ಲ ಹಗ್ಗದ ಗಂಟು ಹಾಕೋದರಿಂದ ಹಿಡಿದು ಎಲ್ಲ ಕಲಿಸಿದ ಹಿರಿಯರೊಬ್ಬರ ಬೆನ್ನುಮೂಳೆ ಆಪರೇಷನ್‌ಗೆ, ಜನರಿಂದ ದೇಣಿಗೆ ಕೂಡಿಸುವ ಈ ಆ್ಯಪ್‌ನಲ್ಲಿ ದುಡ್ಡು ಎತ್ತಿತು. ಕೆಲಸ ಆಯ್ತು, ನಾಲ್ಕು ಸ್ಟಾರ್. ಆಸ್ಪತ್ರೆಯ ಎಸ್ಟಿಮೇಟ್, ಆಧಾರ್ ಹಾಕಿದ ಮೇಲೆ ಪೇಜ್ ಬೇಗ ಶುರುವಾಯಿತು. ಹಣ ನೇರ ಆಸ್ಪತ್ರೆಯ ಖಾತೆಗೇ ಹೋಯಿತು, ಕೊಟ್ಟವರಿಗೂ ಧೈರ್ಯ ಅಲ್ವಾ.

ಬೇಜಾರಾದದ್ದು ಟಿಪ್ ವಿಷಯ. 500 ಅಂತ ಒತ್ತಿದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಆ್ಯಪ್‌ನವರ ಪಾಲು ಮೊದಲೇ ಸೇರಿರುತ್ತದೆ, ಆ ಗೆರೆಯನ್ನು ಬೆರಳಲ್ಲಿ ಎಳೆದು ಎಳೆದು ಸೊನ್ನೆಗೆ ತರಬೇಕು. ನಮ್ಮ ಸುರತ್ಕಲ್‌ನ ಮೀನು ಮಾರುವ ಅಕ್ಕನಿಗೆ ಇದು ಹೇಗೆ ಗೊತ್ತಾಗಬೇಕು? ಇದನ್ನು ಸರಿಮಾಡಲೇಬೇಕು.

ಇನ್ನೊಂದು ಮಾತು. ಹೆಲ್ತ್ ಪಾಲಿಸಿಗಳ ಷರತ್ತಿನಲ್ಲಿ, ಕ್ಲೈಂಬಿಂಗನ್ನೇ ವೃತ್ತಿ ಮಾಡಿಕೊಂಡವರಿಗೆ ಅದರಿಂದಾದ ಗಾಯದ ಖರ್ಚು ಸಿಗುವುದಿಲ್ಲ ಅಂತ ಸಾಮಾನ್ಯವಾಗಿ ಬರೆದೇ ಇರುತ್ತದೆ, ಬಂಡೆ ಹತ್ತುವುದರ ಹೆಸರು ಹೇಳಿಯೇ. ಕೋಚಿಂಗ್ ಮಾಡುವವರು ಈಗಲೇ ಓದಿ ನೋಡಿ. ಹೀಗೆ ಒಬ್ಬ ವ್ಯಕ್ತಿಗೆ ಕೊಟ್ಟ ಹಣಕ್ಕೆ ದಾನಕ್ಕೆ ಸಿಗುವ ತೆರಿಗೆ ವಿನಾಯಿತಿಯೂ (80ಜಿ ಅಂತಾರಲ್ಲ, ಅದು) ಇಲ್ಲ.

ಫಿಸಿಯೋಥೆರಪಿ ಇನ್ನೂ ಜಾಸ್ತಿ ದಿನ ಬೇಕು. ಪೇಜ್ ತೆರೆದೇ ಇದೆ, ಆದಷ್ಟು ಹಾಕಿ, ಟಿಪ್ ಮಾತ್ರ ನೋಡಿಕೊಳ್ಳಿ.