ಟೊಮೆಟೊ ಬೀಜಕ್ಕೆ ಬೆಚ್ಚಗಿನ ಜಾಗ: ಹೀಟ್ ಮ್ಯಾಟ್, ಫ್ರಿಜ್‌ನ ತಲೆ, ಥರ್ಮಾಕೋಲ್ ಪೆಟ್ಟಿಗೆ

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದ ವಾರ ನಾನು ಟೊಮೆಟೊ ಬೀಜ ಹಾಕುತ್ತೇನೆ. ಆಗ ಹಾಕಿದರೆ ಸಂಕ್ರಾಂತಿಯ ಹೊತ್ತಿಗೆ ಸಸಿ ತಾರಸಿಯ ಕುಂಡಕ್ಕೆ ಹೋಗುತ್ತದೆ, ಶಿವರಾತ್ರಿಯ ಸುಮಾರಿಗೆ ಹೂವು ಬರುತ್ತದೆ, ಯುಗಾದಿಗೆ ಮನೆಯ ಹಣ್ಣಿನಲ್ಲೇ ಗೊಜ್ಜು ಮಾಡಬಹುದು. ತಡವಾದರೆ ಹೂವು ಏಪ್ರಿಲ್ ಬಿಸಿಲಿಗೆ ಸಿಕ್ಕಿ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಹಾಗಾಗಿ ಬೀಜ ಮೊಳೆಯುವಲ್ಲಿ ಕಳೆದುಹೋಗುವ ಒಂದು ವಾರವೂ ನನಗೆ ದುಬಾರಿ.

ಆದರೆ ಆ ವಾರವೇ ಬೆಂಗಳೂರಿನಲ್ಲಿ ಚಳಿ ಇಳಿಯುತ್ತದೆ. ಬೀಜ ಕುಳಿತ ಮಣ್ಣು 25ರಿಂದ 30 ಡಿಗ್ರಿ ಇದ್ದರೆ ಟೊಮೆಟೊ ಸುಮಾರು 6 ದಿನಕ್ಕೆ ತಲೆ ಎತ್ತುತ್ತದೆ. 20 ಡಿಗ್ರಿಯಲ್ಲಿ 8 ದಿನ ಬೇಕು, 15 ಡಿಗ್ರಿಯಲ್ಲಿ ಎರಡು ವಾರ. 35ರಲ್ಲಿ ಮತ್ತೆ ತಡ, 40 ಡಿಗ್ರಿಯಲ್ಲಿ ಏಳುವುದೇ ಇಲ್ಲ. ಇಲ್ಲಿ ಡಿಸೆಂಬರ್ ಹಗಲು 26-27 ಡಿಗ್ರಿಗೆ ಏರಿದರೂ ರಾತ್ರಿ 15-16ಕ್ಕೆ ಇಳಿಯುತ್ತದೆ. ಇವೆಲ್ಲ ಗಾಳಿಯ ಲೆಕ್ಕ. ತೆರೆದಿಟ್ಟ ಒದ್ದೆ ಕೋಕೋಪೀಟ್ (ಮಣ್ಣಿನ ಬದಲು ಬಳಸುವ ತೆಂಗಿನ ನಾರಿನ ಪುಡಿ) ನೀರು ಆರುತ್ತಾ ತಣ್ಣಗಾಗುವುದರಿಂದ ಗಾಳಿಗಿಂತ ಇನ್ನೂ ಎರಡು ಮೂರು ಡಿಗ್ರಿ ಕೆಳಗಿರುತ್ತದೆ. ಗೋಡೆಯ ಥರ್ಮಾಮೀಟರ್ ನೋಡಿ ಸಮಾಧಾನಪಡುವಂತಿಲ್ಲ. ಹಾಲಿನ ಬಿಸಿ ನೋಡಲು ಇಟ್ಟಿದ್ದ ಸೂಜಿ ಥರ್ಮಾಮೀಟರನ್ನೇ ನಾನು ಬೀಜ ಹಾಕುವ ಗುಳಿಗಳ ತಟ್ಟೆಯಾದ ಪ್ರೋಟ್ರೇಯ ಒಂದು ಗುಳಿಗೆ ಚುಚ್ಚಿ ನೋಡಿದೆ.

ಕಳೆದ ಸಲ ಒಂದೇ ಪೊಟ್ಟಣದ ಅರ್ಕಾ ರಕ್ಷಕ್ ಬೀಜವನ್ನು ನಾಲ್ಕು ಕಡೆ 20ರಂತೆ ಹಾಕಿದೆ. ಇದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ. ಎಲೆ ಮುದುಡು ನಂಜು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುತ್ತದೆ ಎಂದು ಅದನ್ನೇ ಹಿಡಿದಿದ್ದೇನೆ. ಗೆದ್ದದ್ದು ಥರ್ಮಾಕೋಲ್ ಪೆಟ್ಟಿಗೆ. ಆದರೆ ಹಣ ಸುರಿದದ್ದು ಟ್ರೇಯ ಕೆಳಗೆ ಹಾಸುವ, ಕರೆಂಟ್ನಲ್ಲಿ ಬಿಸಿಯಾಗುವ ಹೀಟ್ ಮ್ಯಾಟ್ ಮೇಲೆ, ಆದ್ದರಿಂದ ಅದರ ಕಥೆಯನ್ನೇ ಮೊದಲು ಹೇಳುತ್ತೇನೆ.

ಮ್ಯಾಟ್‌ಗೆ 1,450 ರೂಪಾಯಿ ಕೊಟ್ಟೆ. 20 ವಾಟ್, ಕಪ್ಪು ರಬ್ಬರ್ ಹಾಳೆಯಂತಿದೆ. ಕೋಣೆಗಿಂತ ಸುಮಾರು 10 ಡಿಗ್ರಿ ಹೆಚ್ಚು ಬಿಸಿ ಕೊಡುತ್ತದೆ ಎಂದು ಡಬ್ಬದ ಮೇಲೆ ಬರೆದಿತ್ತು. ಓದಿದಾಗ ಅದು ಗುಣವೆಂದೇ ಅನ್ನಿಸಿತು. ಮೊದಲ ರಾತ್ರಿ ನಮ್ಮ ಹಜಾರ 19 ಡಿಗ್ರಿ ಇದ್ದಾಗ ಕೋಕೋಪೀಟ್ 28 ತೋರಿಸಿತು. ಬೀಜಕ್ಕೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಮೂರನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಮತ್ತೆ ಸೂಜಿ ಚುಚ್ಚಿದರೆ 38.4. ಪಶ್ಚಿಮದ ಕಿಟಕಿಯ ಪಕ್ಕದ ಮೇಜು ಅದು, ಹಜಾರವೇ 28 ಡಿಗ್ರಿಗೆ ಏರಿತ್ತು. ಮ್ಯಾಟ್ ತಾನು ಹೇಳಿದ ಮಾತಿನಂತೆ ಅದಕ್ಕೆ ಹತ್ತು ಸೇರಿಸಿತ್ತು. ಹಗಲಲ್ಲೂ ಕೋಣೆ ತಣ್ಣಗಿರುವ ದೇಶಗಳಲ್ಲಿ ಈ ಲೆಕ್ಕ ನಡೆಯುತ್ತದೆ. ಹಗಲು ಬೆಚ್ಚಗೆ, ರಾತ್ರಿ ತಂಪು ಎನ್ನುವ ನಮ್ಮೂರಿಗೆ ಅದು ಒಗ್ಗುವುದಿಲ್ಲ.

ಕಡ್ಡಿಯಿಂದ ಒಂದು ಗುಳಿಯನ್ನು ಕೆದಕಿ ನೋಡಿದೆ. ಮೇಲ್ಪದರ ಒದ್ದೆಯಾಗಿ ಕಪ್ಪಗಿತ್ತು, ಟ್ರೇಯ ಮೇಲೆ ಮುಚ್ಚಿದ್ದ ಹಾಳೆಯಿಂದ ಹನಿ ಬೀಳುತ್ತಿತ್ತಲ್ಲ. ಬೆರಳಗಲದ ಕೆಳಗೆ ಕೋಕೋಪೀಟ್ ಒಣಗಿ ನಶ್ಯದ ಪುಡಿಯಂತಾಗಿತ್ತು. ಬೀಜ ಉಬ್ಬಿತ್ತು. ಉಗುರಿನಿಂದ ಒತ್ತಿದರೆ ಬೆಳ್ಳಗೆ ನೀರಾಗಿ ಒಸರಿತು, ಹುಳಿ ವಾಸನೆ. ಬೇರು ಇಣುಕಿದ್ದ ಎರಡು ಬೀಜಗಳ ಬೇರಿನ ತುದಿ ಕಂದಾಗಿತ್ತು. 20ರಲ್ಲಿ ಎದ್ದದ್ದು 4. ಮಾರಿದವರಿಗೆ ಬರೆದೆ. ಉಷ್ಣತೆ ನಿಯಂತ್ರಿಸುವ ಥರ್ಮೋಸ್ಟ್ಯಾಟ್ ಬೇರೆ ಕೊಳ್ಳಬೇಕು, ಅದಕ್ಕೆ 1,200 ರೂಪಾಯಿ, ಬಳಸಿದ ಮ್ಯಾಟನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಉತ್ತರ ಬಂತು. ಈ ಮಾತು ಡಬ್ಬದ ಮೇಲೆ ಇದ್ದಿದ್ದರೆ ನಾನು ಕೊಳ್ಳುತ್ತಲೇ ಇರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಥರ್ಮೋಸ್ಟ್ಯಾಟ್ ಬದಲು 350 ರೂಪಾಯಿಯ ಟೈಮರ್ ಪ್ಲಗ್ ತಂದೆ. ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಮ್ಯಾಟ್ ಉರಿಯಲಿ ಎಂದು ತಿರುಗಿಸಿಟ್ಟು, ಹೊಸದಾಗಿ 20 ಬೀಜ ಹಾಕಿದೆ. ಈ ಸಲ 16 ಎದ್ದವು, ಆರನೆಯ ದಿನಕ್ಕೇ. ಆದರೆ ಹಲ್ಲಿನ ಚಕ್ರದ ಈ ಟೈಮರ್ ಕರೆಂಟ್‌ನಲ್ಲೇ ತಿರುಗುತ್ತದೆ. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ, ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಎರಡು ದಿನದಲ್ಲಿ ಮೂರು ಗಂಟೆ ಕರೆಂಟ್ ಇಲ್ಲದೆ, ಬೆಳಿಗ್ಗೆ ಆರಕ್ಕೆ ಆರಬೇಕಿದ್ದ ಮ್ಯಾಟ್ ಒಂಬತ್ತಾದರೂ ಬಿಸಿಯಾಗಿಯೇ ಇತ್ತು. ಕೈಯಿಟ್ಟು ನೋಡಿದ್ದಕ್ಕೆ ಗೊತ್ತಾಯಿತು. ದಿನವೂ ಗಡಿಯಾರ ನೋಡಿ ಚಕ್ರ ಸರಿಪಡಿಸಬೇಕೆಂದಾದರೆ ಟೈಮರ್ ಯಾಕೆ?

ಫ್ರಿಜ್‌ನ ತಲೆಯ ಮೇಲಿಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಹಿಂದೆ ಕಪ್ಪು ಕೊಳವೆಗಳ ಜಾಲರಿ ಹೊತ್ತ ಹಳೆಯ ಫ್ರಿಜ್‌ಗಳ ಕಾಲದ ಮಾತು ಅದು. ನಮ್ಮದು ಪಕ್ಕದ ಗೋಡೆಗಳಿಂದ ಬಿಸಿ ಬಿಡುತ್ತದೆ, ತಲೆಯ ಮೇಲೆ ಕೋಣೆಗಿಂತ ಒಂದೇ ಡಿಗ್ರಿ ಹೆಚ್ಚು. 14 ಸಸಿ, ಹತ್ತನೆಯ ದಿನ.

ಏನೂ ಮಾಡದೆ ಮೇಜಿನ ಮೇಲೆ ಬಿಟ್ಟದ್ದು ಹನ್ನೊಂದನೆಯ ದಿನ ಶುರುವಾಗಿ 15 ಸಸಿ ಕೊಟ್ಟಿತು. ಕಾಯುವ ವ್ಯವಧಾನ ಇದ್ದವರಿಗೆ ಇದೂ ಸಾಕು.

ಥರ್ಮಾಕೋಲ್ ಪೆಟ್ಟಿಗೆಯೊಳಗೆ ಬಲ್ಬ್ ಉರಿಸಿ ಬಿಸಿ ಮಾಡುವ ಉಪಾಯವನ್ನು ನಾನು ಕೈಬಿಟ್ಟೆ. ಎಲ್‌ಇಡಿಯಲ್ಲಿ ಶಾಖ ಸಾಲದು, ಹಳೆಯ 40 ವಾಟ್ ಬಲ್ಬನ್ನು ಥರ್ಮಾಕೋಲ್ ಪಕ್ಕದಲ್ಲಿಟ್ಟು ನಿದ್ದೆ ಮಾಡುವ ಧೈರ್ಯ ನನಗಿಲ್ಲ.

ಇನ್ನು ಪೆಟ್ಟಿಗೆ. ಇದರ ದಾರಿ ತೋರಿಸಿದವರು ನಮ್ಮ ಅತ್ತೆ. ಮ್ಯಾಟ್ ಮೇಲಿನ ಬೀಜ ಬೆಂದುಹೋದ ದಿನ ಅವರು, "ಈ ಚಳಿಗೆ ನನ್ನ ದೋಸೆ ಹಿಟ್ಟನ್ನು ಎಲ್ಲಿಟ್ಟು ಉಬ್ಬಿಸುತ್ತೇನೆ ನೋಡಿದ್ದೀಯಲ್ಲಮ್ಮ, ಬೀಜವನ್ನೂ ಅಲ್ಲೇ ಇಡು" ಎಂದರು. ಔಷಧಿ ಅಂಗಡಿಯಲ್ಲಿ ಇಂಜೆಕ್ಷನ್ ತುಂಬಿ ಬರುವ ದಪ್ಪ ಗೋಡೆಯ ಥರ್ಮಾಕೋಲ್ ಪೆಟ್ಟಿಗೆ ಅದು, ಕೇಳಿದರೆ ಸುಮ್ಮನೆ ಕೊಡುತ್ತಾರೆ. ಸಂಜೆ ತಾರಸಿಯ ಸೋಲಾರ್ ನೀರು ಅತಿ ಬಿಸಿ ಇರುವಾಗ ಒಂದು ಲೀಟರಿನ ಎರಡು ಸ್ಟೀಲ್ ಬಾಟಲಿ ತುಂಬಿ, ಹಳೆಯ ಟವೆಲ್ ಸುತ್ತಿ, ಎರಡು ಬದಿಗೆ ಮಲಗಿಸಿ, ನಡುವೆ ಟ್ರೇ ಇಟ್ಟು ಮುಚ್ಚುತ್ತೇನೆ. ಬಾಟಲಿ ಒಂಟಿ ಗೋಡೆಯದಿರಬೇಕು. ಫ್ಲಾಸ್ಕ್ ಆದರೆ ಬಿಸಿಯನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ತೆಳು ಪ್ಲಾಸ್ಟಿಕ್ ಬಿಸಿನೀರಿಗೆ ಸೊಟ್ಟಗಾಗುತ್ತದೆ.

55 ಡಿಗ್ರಿಯ ಎರಡು ಲೀಟರ್ ನೀರು 25ಕ್ಕೆ ಇಳಿಯುವಾಗ ಬಿಟ್ಟುಕೊಡುವ ಶಾಖ 60 ಕಿಲೋ ಕ್ಯಾಲೊರಿ. ಹತ್ತು ಗಂಟೆಗೆ ಹಂಚಿದರೆ 7 ವಾಟ್, ಮ್ಯಾಟ್‌ನ ಮೂರನೆಯ ಒಂದು ಭಾಗ. ಆದರೂ ದಪ್ಪ ಗೋಡೆಯೊಳಗೆ ಅಷ್ಟೇ ಸಾಕಾಯಿತು. ರಾತ್ರಿ ಹತ್ತಕ್ಕೆ 29 ಡಿಗ್ರಿ, ಬೆಳಿಗ್ಗೆ ಆರಕ್ಕೆ 24. ಹೊರಗೆ ಹಜಾರದಲ್ಲಿ 18. ನಾನು ಮಲಗಿದ್ದರೂ, ಕರೆಂಟ್ ಹೋದರೂ, ಇದರ ಬಿಸಿ ಇಳಿಯುತ್ತದೆಯೇ ಹೊರತು ಏರುವುದಿಲ್ಲ, ಬೀಜ ಬೇಯುವ ಭಯವಿಲ್ಲ. ಬೆಳಿಗ್ಗೆ ಬಾಟಲಿ ತೆಗೆದು, ಮುಚ್ಚಳ ಅರ್ಧ ಸರಿಸಿ ಬಿಟ್ಟರೆ ಮುಂದಿನದನ್ನು ಹಗಲಿನ ಬಿಸಿಯೇ ನೋಡಿಕೊಳ್ಳುತ್ತದೆ. ಆರನೆಯ ದಿನಕ್ಕೆ 17 ಸಸಿ.

ಇದಕ್ಕೂ ಒಂದು ಕಾಟವಿದೆ. ಪೆಟ್ಟಿಗೆಯೊಳಗೆ ಕತ್ತಲೆ. ಮೊದಲ ಸಸಿಯ ಕುತ್ತಿಗೆ ಕೊಕ್ಕೆಯಂತೆ ಬಾಗಿ ಮೇಲೆ ಬಂದ ತಕ್ಷಣ ಟ್ರೇ ಹೊರಗೆ, ಬೆಳಕಿಗೆ ಬರಬೇಕು. ನಾಲ್ಕನೆಯ ದಿನದಿಂದ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಮುಚ್ಚಳ ತೆಗೆದು ನೋಡಲೇಬೇಕು. ಆಮೇಲೆ ಹಾಕಿದ ಎರಡನೆಯ ತಂಡದ ಹೊತ್ತಿಗೆ ಮದುವೆಗೆಂದು ತುಮಕೂರಿಗೆ ಹೋಗಿ ಎರಡು ದಿನ ಬಿಟ್ಟು ಬಂದೆ. ಬಿಳಿ ದಾರದಂತೆ ಮೂರು ಇಂಚು ಬೆಳೆದ ಸಸಿಗಳು ಒಂದರ ಮೇಲೊಂದು ಮಲಗಿದ್ದವು. ಒಂದೂ ಉಳಿಯಲಿಲ್ಲ. ತೇವ ಹೆಚ್ಚಾದರೆ ಬೂಷ್ಟು, ಬುಡ ಕೊಳೆತ ಬೇರೆ. ಕೋಕೋಪೀಟ್ ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಬೀಳುವಷ್ಟು ತೇವ ಸಾಕು. ಮೊಳೆತ ಮೇಲೆ ಈ ಬಿಸಿ ಬೇಡ, ನಮ್ಮ ಮನೆಯ 20-22 ಡಿಗ್ರಿಯಲ್ಲಿ ಬೆಳಕಿದ್ದರೆ ಸಸಿ ಗಿಡ್ಡವಾಗಿ, ಗಟ್ಟಿಯಾಗಿ ನಿಲ್ಲುತ್ತದೆ.

ಮೋಡ ಕವಿದು ಸೋಲಾರ್ ನೀರು ಉಗುರು ಬೆಚ್ಚಗಾದ ದಿನ ಒಲೆಯ ಮೇಲೆ ನೀರು ಕಾಯಿಸಬೇಕು. ನಾಲ್ಕೈದು ಟ್ರೇ ಸಸಿ ಮಾಡಿ ನೆರೆಹೊರೆಗೆ ಹಂಚುವವರಿಗೆ ಪೆಟ್ಟಿಗೆ ಸಾಲದು. ಅವರು ಥರ್ಮೋಸ್ಟ್ಯಾಟ್ ಸಹಿತದ ಮ್ಯಾಟನ್ನೇ ಕೊಳ್ಳಲಿ, ಥರ್ಮೋಸ್ಟ್ಯಾಟ್ನ ಬಿಸಿ ಅಳೆಯುವ ತಂತಿಯ ತುದಿಯನ್ನು ಗಾಳಿಯಲ್ಲಿ ಬಿಡದೆ ಕೋಕೋಪೀಟ್‌ನೊಳಗೆ ಹೂಳಲಿ. ನನ್ನದು ಎಂಟು ಕುಂಡದ ತಾರಸಿ. ಸಂಜೆ ಐದೂವರೆಗೆ ಹೇಗೂ ಗಿಡಗಳಿಗೆ ನೀರು ಹಾಕಲು ಮೇಲೆ ಹೋಗುತ್ತೇನೆ, ಇಳಿದು ಬಂದೊಡನೆ ಸೋಲಾರ್ ನಲ್ಲಿಯಲ್ಲಿ ಎರಡು ಬಾಟಲಿ ತುಂಬಿಕೊಳ್ಳುತ್ತೇನೆ. ದೋಸೆ ಹಿಟ್ಟಿನ ಪಾತ್ರೆಗೆ ಈಗ ಔಷಧಿ ಅಂಗಡಿಯಿಂದ ಇನ್ನೊಂದು ಪೆಟ್ಟಿಗೆ ತಂದಿದ್ದಾಗಿದೆ, ಅತ್ತೆಯವರು ಹಳೆಯದನ್ನು ಬೀಜಕ್ಕೆ ಬಿಟ್ಟುಕೊಟ್ಟಿದ್ದಾರೆ.