ಹೆಡ್ ಫೇಸಿಂಗ್‌ಗೆ ಕೊಡೋ ಮುಂಚೆ ಅಳೆಸಿ: ಪುಣೆಯಲ್ಲಿ ನನಗಾದ ಪಾಡು

ಹಳೇ ಆರು ಸಿಲಿಂಡರ್ ಗಾಡಿ ಇಟ್ಟುಕೊಂಡು, ಪವರ್ ಜಾಸ್ತಿ ಮಾಡಿಸಬೇಕು ಅಂತ ಗ್ಯಾರೇಜ್ ಹುಡುಕುತ್ತಿರುವವರಿಗೆ ಇದು. ನನ್ನ ಗ್ಯಾರೇಜಿನ ಹೆಸರು ಕೇಳಬೇಡಿ, ಹೇಳುವುದಿಲ್ಲ. ಏನಾಯ್ತು ಅಂತ ಮಾತ್ರ ಹೇಳುತ್ತೇನೆ.

ಗಾಡಿ 1991ರ ಬಿಎಂಡಬ್ಲ್ಯು 325ಐ, ಇ36 ಮಾದರಿ. ಯಾರೋ ಹೊರದೇಶದಿಂದ ತಂದಿದ್ದು, ನಾನು ಐದನೇ ಮಾಲೀಕ. ಒಳಗಿರುವುದು ಎಂ50 ಇಂಜಿನ್: 2494 ಸಿಸಿ, 192 ಎಚ್‌ಪಿ, ಕಬ್ಬಿಣದ ಬ್ಲಾಕ್, ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಅಲ್ಯುಮಿನಿಯಂ ಹೆಡ್. ಕಂಪ್ರೆಶನ್ 10ಕ್ಕೆ 1, ಅಂದರೆ ಪಿಸ್ಟನ್ ಸಿಲಿಂಡರಿನ ಗಾಳಿ-ಪೆಟ್ರೋಲನ್ನು ಹತ್ತನೇ ಒಂದು ಜಾಗಕ್ಕೆ ಒತ್ತುತ್ತೆ. ಮೂವತ್ತು ವರ್ಷ ಆದ ಮೇಲೂ ಮಜಬೂತಾಗಿಯೇ ಇತ್ತು. ಹಾಗೇ ಬಿಟ್ಟಿದ್ದರೆ ಇವತ್ತೂ ಇರುತ್ತಿತ್ತು.

ಗ್ಯಾರೇಜಿನವರು ಗದಗ ಕಡೆಯವರು. ನನ್ನ ಮಾತು ಕೇಳಿ ಕನ್ನಡದಲ್ಲೇ ಶುರು ಮಾಡಿದರು. "ಸರ, ನೀವು ಚಿಂತಿ ಬಿಡ್ರಿ. ನಮ್ಮ ಗಾಡಿ ಅಂತ ತಿಳಕೊಂಡು ಮಾಡ್ತೀನಿ." ಪುಣೆಯಲ್ಲಿ ಹನ್ನೊಂದು ವರ್ಷ ಮರಾಠಿ, ಹಿಂದಿಯಲ್ಲೇ ಚೌಕಾಸಿ ಮಾಡಿದವನು ನಾನು. ನಮ್ಮ ಭಾಷೆ ಕೇಳಿದ್ದೇ ತಡ, ಅರ್ಧ ಕರಗಿಬಿಟ್ಟೆ. ಚಹಾ ಕುಡಿದೆವು. ಅಡ್ವಾನ್ಸ್ ಕೊಟ್ಟೆ. ಬರವಣಿಗೆಯಲ್ಲಿ ಏನೂ ಕೇಳಲಿಲ್ಲ.

ಮಾತಾದದ್ದು ಇಷ್ಟು: ಹೆಡ್ ಬಿಚ್ಚಿ ವಾಲ್ವ್ ಕೂರಿಸುವುದು, ಪೋರ್ಟ್ ಸಾಫ್ ಮಾಡುವುದು, ಫೇಸಿಂಗ್ ಮಾಡಿಸಿ, ಅಂದರೆ ಹೆಡ್ಡಿನ ತಳ ಕೆರೆಸಿ, ಕಂಪ್ರೆಶನ್ "ಸ್ವಲ್ಪ" ಏರಿಸುವುದು, ಆಮೇಲೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಬೇರೆ ಚಿಪ್. 40 ಎಚ್‌ಪಿ ಜಾಸ್ತಿ ಬರುತ್ತೆ ಅಂದರು. ಟರ್ಬೋ ಇಲ್ಲದ ಇಂಜಿನ್‌ಗೆ ಇಷ್ಟರಿಂದ 40 ಬರಲ್ಲ ಅಂತ ನನಗೂ ಗೊತ್ತಿತ್ತು. ಆಸೆ, ಏನ್ ಮಾಡೋದು.

ಆ "ಸ್ವಲ್ಪ" ಎಷ್ಟು ಅಂತ ನಾನು ಕೇಳಲಿಲ್ಲ. ಅವರೂ ಅಳೆಯಲಿಲ್ಲ. ಹೆಡ್ ಲೇತ್‌ನವನ ಹತ್ತಿರ ಹೋಯ್ತು. 20 ಥೌ, ಅಂದರೆ ಅರ್ಧ ಮಿಲಿಮೀಟರ್ ಕೆರೆಸಿಕೊಂಡು ವಾಪಸ್ ಬಂತು. ಹಿಂದಿನ ಮಾಲೀಕರಲ್ಲಿ ಒಬ್ಬರು ಆಗಲೇ ಒಂದು ಸಲ ಫೇಸಿಂಗ್ ಮಾಡಿಸಿದ್ದರು ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ವರ್ನಿಯರ್ ಹಿಡಿದಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಈ ಹೆಡ್ಡಿನ ದಪ್ಪ ಹೊಸದರಲ್ಲಿ 140 ಮಿಮೀ. 139.7ಕ್ಕಿಂತ ಕೆಳಗೆ ಹೋಗಬಾರದು. ನನ್ನದು ಕೊನೆಗೆ ಅಳೆದಾಗ 139.1.

ಒಂದು ಮಿಲಿಮೀಟರ್ ಕೂಡ ಇಲ್ಲವಲ್ಲ ಅನ್ನಿಸಬಹುದು. ಲೆಕ್ಕ ನೋಡಿ. ಒಂದು ಸಿಲಿಂಡರ್ 415 ಸಿಸಿ ಚಿಲ್ಲರೆ. 10ಕ್ಕೆ 1 ಅಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 46 ಸಿಸಿ. 84 ಮಿಮೀ ಬೋರಿನಲ್ಲಿ 0.9 ಮಿಮೀ ಕೆರೆದರೆ ಹತ್ತಿರ ಹತ್ತಿರ 5 ಸಿಸಿ ಹೋಯ್ತು. ಕಂಪ್ರೆಶನ್ 11ರ ಆಸುಪಾಸಿಗೆ ಬಂತು. ಇಂಥ ಕೆರೆದ ಹೆಡ್‌ಗೆ ಅಂತಲೇ ಹೆಡ್ಡಿಗೂ ಬ್ಲಾಕಿಗೂ ನಡುವೆ ಹಾಕೋಕೆ 0.3 ಮಿಮೀ ದಪ್ಪ ಜಾಸ್ತಿ ಇರುವ ಗ್ಯಾಸ್ಕೆಟ್ ಸಿಗುತ್ತೆ. ಹಾಕಿದ್ದು ಮಾಮೂಲಿಯದು. ಅದರ ಮೇಲೆ ಆ ಚಿಪ್ಪು. ಯುರೋಪಿನ 98 ಆಕ್ಟೇನ್ ಪೆಟ್ರೋಲ್ ನಂಬಿಕೊಂಡು ಇಗ್ನಿಶನ್ ಮುಂದೆ ತಳ್ಳಿದ, ಅಂದರೆ ಕಿಡಿ ಬೇಗ ಹಾರಿಸುವ ಚಿಪ್ ಅದು. ನನ್ನ ಟ್ಯಾಂಕಿನಲ್ಲಿದ್ದದ್ದು ಪಂಪಿನ ಮಾಮೂಲಿ 91. ಆಕ್ಟೇನ್ ಕಡಿಮೆ ಇದ್ದು ಕಂಪ್ರೆಶನ್ ಜಾಸ್ತಿ ಆದರೆ ಪೆಟ್ರೋಲ್ ತಾನಾಗಿಯೇ ಸಿಡಿದು ಪಿಸ್ಟನ್ ಬಡಿಯುತ್ತೆ. ಅದೇ ನಾಕ್.

ಇನ್ನೊಂದು ಮುಖ್ಯ ವಿಷಯ. ಈ ಹಳೇ ಎಂ50ಗೆ ನಾಕ್ ಸೆನ್ಸರ್ ಇಲ್ಲ. ಆಮೇಲೆ ಬಂದ, ವ್ಯಾನೋಸ್ (ವಾಲ್ವ್ ತೆರೆಯುವ ಹೊತ್ತು ಬದಲಿಸುವ ಏರ್ಪಾಡು) ಇರುವ ಎಂ50ಗೆ ಇದೆ. ಅದು ಒಳಗಿನ ಬಡಿತ ಕೇಳಿಸಿಕೊಂಡು ಕಿಡಿಯ ಟೈಮಿಂಗ್ ತಾನೇ ಹಿಂದೆ ಎಳೆದುಕೊಳ್ಳುತ್ತೆ. ನನ್ನ ಇಂಜಿನ್‌ಗೆ ಕಿವಿಯೇ ಇಲ್ಲ. ಕಿವಿ ಇರಬೇಕಾದ್ದು ನನಗೆ.

2022ರ ಯುಗಾದಿಗೆ ಬೆಳಗಾವಿಗೆ ಹೊರಟೆವು. ಸಿಟಿಯಲ್ಲಿ ಗಾಡಿ ಚೂಟಿಯಾಗಿಯೇ ಓಡಿತ್ತು, ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಖಂಬಾಟ್ಕಿ ಘಾಟ್ ಹತ್ತುವಾಗ ಮಧ್ಯಾಹ್ನ ಹನ್ನೆರಡೂವರೆ, ಸುಡು ಬಿಸಿಲು, ಏಸಿ ಆನ್, ಮುಂದೆ ಸಿಮೆಂಟ್ ಲಾರಿ. ಗೇರ್ ಇಳಿಸಲು ಸೋಮಾರಿತನ. ನಾಲ್ಕನೇ ಗೇರಿನಲ್ಲೇ, ಎರಡು ಸಾವಿರ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ತಗಡಿನ ಮೊರದ ಮೇಲೆ ಜೋಳ ಸುರಿದ ಹಾಗೆ ಸದ್ದು.

"ತಮ್ಮಾ, ಅದೇನದು ಸಪ್ಪಳ?" ಹಿಂದಿನ ಸೀಟಿನಿಂದ ಅವ್ವ ಕೇಳಿದಳು.

"ಏನಿಲ್ಲವ್ವ, ಟ್ಯಾಪೆಟ್ ಇರಬೇಕು" ಅಂದೆ. ಕಿವಿ ಇದ್ದವಳು ಅವಳೊಬ್ಬಳೇ. ಎರಡು ತಿರುವು ಆದ ಮೇಲೆ ಕನ್ನಡಿಯಲ್ಲಿ ನೀಲಿ ಹೊಗೆ ಕಂಡಿತು. ಇಂಜಿನ್ ಕುಂಟಲು ಶುರುವಾಯ್ತು. ಘಾಟಿನ ಬದಿಯಲ್ಲಿ ಮೂರು ಗಂಟೆ ಕೂತು, ಒಬ್ಬಟ್ಟಿಗೆ ಅಂತ ಒಯ್ಯುತ್ತಿದ್ದ ಬೆಲ್ಲದ ಡಬ್ಬಿ ಸಮೇತ ಟೋಯಿಂಗ್ ಗಾಡಿಯಲ್ಲಿ ಪುಣೆಗೆ ವಾಪಸ್.

ಬೇರೆ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದೆ. ಉಳಿದ ಐದು ಸಿಲಿಂಡರಿನಲ್ಲಿ ಕಂಪ್ರೆಶನ್ ಒತ್ತಡ 12 ಬಾರ್ ಮೇಲೆ, ಐದನೇ ನಂಬರಿನದರಲ್ಲಿ ಬರೀ 4. ಅದರ ಪ್ಲಗ್ ನನ್ನ ಅಂಗೈಯಲ್ಲಿಟ್ಟು ಟಾರ್ಚ್ ಹಾಕಿದರು. ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಮಿರಮಿರ ಚುಕ್ಕಿಗಳು. ಅದು ಕರಗಿ ಹಾರಿದ ಪಿಸ್ಟನ್ನಿನ ಅಲ್ಯುಮಿನಿಯಂ. ಮೇಲಿನ ಎರಡು ರಿಂಗ್‌ಗಳ ನಡುವಿನ ಏಣು ಮುರಿದು, ತುಂಡುಗಳು ಬೋರನ್ನು ಉದ್ದಕ್ಕೂ ಗೀಚಿದ್ದವು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು.

ಮೊದಲಿನವರಿಗೆ ಫೋನ್ ಮಾಡಿದೆ. "ಪೆಟ್ರೋಲ್ ಕಲಬೆರಕಿ ಇರಬೇಕ್ರಿ ಸರ." ಎಷ್ಟು ಫೇಸಿಂಗ್ ಮಾಡಿಸಿದ್ರಿ ಅಂತ ಕೇಳಿದೆ. "ಭಾಳ ಇಲ್ಲರಿ, ಬರೇ ಸಾಫ್ ಮಾಡಸೇನಿ." 20 ಥೌ ಅನ್ನೋ ಲೆಕ್ಕ ಸಿಕ್ಕಿದ್ದು ಲೇತ್‌ನವನ ಚೀಟಿಯಿಂದ, ಅದೂ ಎರಡು ಸಲ ಅಲೆದ ಮೇಲೆ. ನನ್ನ ಕೈಯಲ್ಲಿದ್ದ ಬಿಲ್ಲಿನಲ್ಲಿ ಒಂದೇ ಸಾಲು: ಇಂಜಿನ್ ಕೆಲಸ, 2,85,000. ಅದನ್ನು ಹಿಡಿದುಕೊಂಡು ಎಲ್ಲಿಗೆ ಹೋಗಲಿ?

ಆದ್ದರಿಂದ ಹೆಡ್ ಲೇತ್‌ಗೆ ಹೋಗೋ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ನಿಮ್ಮ ಕಣ್ಣೆದುರೇ ದಪ್ಪ ಅಳೆಸಿ, ಬರೆಸಿಕೊಳ್ಳಿ. ಕಂಪ್ರೆಶನ್ ಏರಿಸುವ ಮಾತು ಬಂದರೆ ಚೇಂಬರಿಗೆ ಬ್ಯೂರೆಟ್‌ನಿಂದ ಎಣ್ಣೆ ತುಂಬಿ ಸಿಸಿ ಅಳೆಯುತ್ತೀರಾ ಅಂತ ಕೇಳಿ. ಮುಖ ನೋಡಿದರೇ ಗೊತ್ತಾಗುತ್ತೆ, ಅಳೆಯುವವರೋ ಅಲ್ಲವೋ. ಚಿಪ್ ಯಾವ ಆಕ್ಟೇನ್‌ಗೆ ಬರೆದದ್ದು ಅನ್ನೋದಕ್ಕೆ ಉತ್ತರ ಇಲ್ಲದಿದ್ದರೆ ಹಾಕಿಸಬೇಡಿ. ಪವರ್ ಅಳೆಯುವ ಡೈನೋ ಯಂತ್ರದ ಮೇಲೆ ಓಡಿಸಿದರೆ ಎಚ್‌ಪಿ ಗೆರೆ ಒಂದೇ ಸಾಲದು. ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟು ಗಾಳಿ-ಪೆಟ್ರೋಲ್ ಅಳತೆಯೂ ಆ ಕಾಗದದಲ್ಲಿ ಬರಬೇಕು. ಈಗ ಪಂಪಿನಲ್ಲಿ ಬರುವುದು ಶೇ 20 ಎಥನಾಲ್ ಬೆರೆಸಿದ್ದು, ಇದು ಇನ್ನೂ ಮುಖ್ಯ. ಅದರ ಆಕ್ಟೇನ್ ಮೇಲೇನೋ ಸರಿ. ಆದರೆ ಫುಲ್ ಆಕ್ಸಿಲರೇಟರ್‌ನಲ್ಲಿ ಈ ಹಳೇ ಇಸಿಯುಗಳು ಆಕ್ಸಿಜನ್ ಸೆನ್ಸರ್ ಮಾತು ಕೇಳುವುದಿಲ್ಲ, ಮೊದಲೇ ಬರೆದಿಟ್ಟ ಲೆಕ್ಕದಂತೆಯೇ ಸುರಿಯುತ್ತವೆ. ಎಥನಾಲ್‌ಗೆ ಅಷ್ಟು ಸಾಲುವುದಿಲ್ಲ, ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ ಆಗಿ ಮಿಕ್ಸ್ಚರ್ ತೆಳುವಾಗುತ್ತೆ.

ಕಬ್ಬಿಣದ ಬ್ಲಾಕ್ ಆದ್ದರಿಂದ ಬೋರಿಂಗ್ ಮಾಡಿಸಿ 84.5ರ ಪಿಸ್ಟನ್ ಹಾಕಿಸಬಹುದು, ಬ್ಲಾಕ್ ಉಳಿಯಿತು. ಹೆಡ್ ಮಾತ್ರ ತೂಕಕ್ಕೆ ಹಾಕಬೇಕಷ್ಟೇ. ಒಳ್ಳೇ ಎಂ50 ಹೆಡ್ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ಕೊಲ್ಹಾಪುರ, ಬೆಳಗಾವಿ ತನಕ ನಾನೇ ಬಂದು ತಗೊಂಡು ಹೋಗ್ತೀನಿ. ಅಳೆದು.