ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಬೋಟ್: ಕಲ್ಲು ನೋಡೋಕೇ ಹೋಗಿ

ಕಳೆದ ಜನವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಉಡುಪಿಗೆ ಹೋಗಿದ್ದೆ. ಮಠದಲ್ಲಿ ದರ್ಶನ, ಊಟ ಮುಗಿಸಿ ಮಲ್ಪೆಗೆ ಬಂದು ದ್ವೀಪದ ಬೋಟ್ ಹತ್ತಿದೆವು. ಬೋಟಿಗೆ ಐದಕ್ಕೆ ಮೂರು ಸ್ಟಾರ್, ದ್ವೀಪಕ್ಕೆ ಐದಕ್ಕೆ ಐದು.

ಬೋಟಿನ ಹುಡುಗರ ಬಗ್ಗೆ ದೂರಿಲ್ಲ. ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟರು, ಅಮ್ಮನ ಜಾಕೆಟ್ಟಿನ ಪಟ್ಟಿ ಎಳೆದು ಬಿಗಿ ಮಾಡಿದ್ದೂ ಅವರೇ. ಇಳಿಯುವಾಗ ಒಬ್ಬ ಮೊಣಕಾಲುದ್ದ ನೀರಲ್ಲಿ ನಿಂತು "ಅಮ್ಮಾ, ನಿಧಾನ, ಗಡಿಬಿಡಿ ಬೇಡ" ಅಂತ ಕೈ ಹಿಡಿದು ಇಳಿಸಿದ. ಆದರೆ ಇಳಿದ ಕೂಡಲೇ "ಒಂದು ಗಂಟೆ, ಫೋಟೋ ತೆಗೆದುಕೊಂಡು ಬನ್ನಿ" ಅಂದುಬಿಟ್ಟರು, ಅಷ್ಟೇ. ಕಲ್ಲಿನ ಬಗ್ಗೆ ಒಂದು ಮಾತಿಲ್ಲ. ನಮ್ಮ ಜೊತೆ ಬಂದವರಲ್ಲಿ ಅರ್ಧ ಜನ ತೆಂಗಿನ ಮರದ ಕೆಳಗೆ ಕೂತು, ಚಿಪ್ಪು ಆರಿಸಿಕೊಂಡು, ಹಾಗೇ ವಾಪಸ್ ಬಂದರು. ನನಗೆ ನಿಜವಾಗಿ ಸಂಕಟ ಆಯಿತು. ಎರಡು ಸ್ಟಾರ್ ಕಡಿಮೆ ಕೊಟ್ಟಿದ್ದು ಅದಕ್ಕೇ.

ಈ ಕಲ್ಲು ಸಾಮಾನ್ಯದ್ದಲ್ಲ. ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ ಮಲ್ಪೆಯ ಪಶ್ಚಿಮಕ್ಕೆ ಅರಬ್ಬಿ ಸಮುದ್ರವೇ ಇರಲಿಲ್ಲ. ಈಗ ಆಫ್ರಿಕಾದ ಪಕ್ಕ ಇರುವ ಮಡಗಾಸ್ಕರ್ ದ್ವೀಪ ಆಗ ಅಲ್ಲಿ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಭೂಫಲಕಗಳು, ಅಂದರೆ ಭೂಮಿಯ ಹೊರಪದರದ ದೊಡ್ಡ ತುಂಡುಗಳು, ಎರಡೂ ಕಡೆ ಜಗ್ಗಿ, ನೆಲ ತೆಳ್ಳಗಾಗಿ ಸೀಳಿತು, ಆ ಸೀಳಿನಿಂದ ಕಾದ ಲಾವಾ ಮೇಲೆ ಬಂತು. ಅದೇ ಕಾಲದ ಲಾವಾ ಕಲ್ಲು ಮಡಗಾಸ್ಕರಿನಲ್ಲೂ ಇದೆ. ಒಂದೇ ಗಾಯದ ಎರಡು ಅಂಚು ಅಂದುಕೊಳ್ಳಿ. ಆಮೇಲೆ ಭಾರತ ಉತ್ತರಕ್ಕೆ ಹೊರಟು ಏಷ್ಯಾಕ್ಕೆ ಗುದ್ದಿ ಹಿಮಾಲಯ ಎದ್ದಿತು. ಈಗ ಮಲ್ಪೆಗೂ ಮಡಗಾಸ್ಕರಿನ ಉತ್ತರ ತುದಿಗೂ ನಡುವೆ ಹೆಚ್ಚುಕಡಿಮೆ 4,000 ಕಿ.ಮೀ. ನೀರು. ದ್ವೀಪದ ಪಶ್ಚಿಮದ ಬಂಡೆ ಮೇಲೆ ನಿಂತು ಅತ್ತ ನೋಡುವಾಗ ಇದು ಗೊತ್ತಿದ್ದರೆ ಮೈ ಜುಂ ಅನ್ನುತ್ತದೆ.

ಬೀಚಿನಲ್ಲೇ ನಿಲ್ಲಬೇಡಿ. ಕಲ್ಲುಕಂಬಗಳ ಕಡೆಗೆ ನಡೆಯಿರಿ. ಸಾಲು ಸಾಲು ಕಂಬ, ಹೆಚ್ಚಿನವಕ್ಕೆ ಆರು ಮುಖ, ಕೆಲವಕ್ಕೆ ಐದು, ಒಂದಕ್ಕೊಂದು ತಾಗಿಕೊಂಡು ನಿಂತಿವೆ. ಅಮ್ಮ ಒಂದು ಕಂಬದ ಅಂಚಿನ ಮೇಲೆ ಬೆರಳಾಡಿಸಿ "ತಮ್ಮಾ, ಇವನ್ನ ಯಾರರ ಕಡದು ನಿಲ್ಲಿಸ್ಯಾರೇನೋ?" ಅಂದಳು. ಯಾರೂ ಕಡೆದಿಲ್ಲ ಅಂದೆ. ಆಕೆ ಬಗ್ಗಿ, ಮೊಟಕಾದ ಕಂಬಗಳ ನೆತ್ತಿಯನ್ನು ಸ್ವಲ್ಪ ಹೊತ್ತು ನೋಡಿ, "ನಮ್ಮ ಎರಿ ಹೊಲ ಬ್ಯಾಸಗ್ಯಾಗ ಬಿರಿತಾವಲ್ಲ, ಹಂಗ ಐತಿ ನೋಡು" ಅಂದಳು.

ಅಷ್ಟು ಸರಿಯಾಗಿ ನಾನೂ ಹೇಳುತ್ತಿರಲಿಲ್ಲ. ಹೊಲ ಒಣಗಿ ಕುಗ್ಗಿದಾಗ ಬಿರುಕು ಬಿಡುತ್ತದೆ, ಲಾವಾ ಆರಿ ಕುಗ್ಗಿದಾಗ ಬಿರುಕು ಬಿಡುತ್ತದೆ. ಮೇಲಿನ ಪದರ ಮೊದಲು ತಣ್ಣಗಾಗಿ ಸೀಳುತ್ತದೆ, ತಂಪು ಕೆಳಗಿಳಿದ ಹಾಗೆ ಆ ಸೀಳೂ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ, ನಡುವೆ ಉಳಿದಿದ್ದೇ ಕಂಬ. ನಮ್ಮೂರು ವಿಜಯಪುರದ ಕಡೆ. ಅಲ್ಲಿನ ಕಪ್ಪು ಎರೆ ಮಣ್ಣು ಕೂಡ ಲಾವಾ ಕಲ್ಲು ಸವೆದು ಪುಡಿಯಾಗಿ ಆದದ್ದೇ, ಆದರೆ ಆ ದಖ್ಖನ್ ಲಾವಾ ಹರಿದಿದ್ದು ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದೆ. ಮಲ್ಪೆಯ ಕಲ್ಲು ಅದಕ್ಕಿಂತ ತುಂಬಾ ಹಳೆಯದು. ದಖ್ಖನ್ ಕಲ್ಲು ಬಸಾಲ್ಟ್, ಅಂದರೆ ಸಿಲಿಕಾ ಕಡಿಮೆ ಇರುವ ಕಪ್ಪು ಲಾವಾ ಕಲ್ಲು. ಬಹಳ ಜನ ಇದನ್ನೂ ಬಸಾಲ್ಟ್ ಅನ್ನುತ್ತಾರೆ, ಆದರೆ ಅಲ್ಲ. ಇದು ರಯೋಲೈಟ್ ಜಾತಿಯದು, ಸಿಲಿಕಾ ಜಾಸ್ತಿ ಇರುವ ಲಾವಾ. ಸರ್ಕಾರದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಸಾರಿದೆ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದಿದ್ದ ಅನ್ನುವ ಕತೆಯನ್ನು ಎಲ್ಲರೂ ಹೇಳುತ್ತಾರೆ. ಇರಲಿ, ನನಗೆ ಕಲ್ಲಿನ ಕತೆಯೇ ದೊಡ್ಡದು.

ಹೋಗುವವರಿಗೆ ಕೆಲವು ಮಾತು. ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ. ನೀರು ಇಳಿದ ಹೊತ್ತು ನೋಡಿಕೊಂಡು ಹೋದರೆ ಕಂಬಗಳ ಬುಡದವರೆಗೂ ಕಾಣುತ್ತದೆ. ಹಿಡಿತ ಇರುವ ಚಪ್ಪಲಿ ಹಾಕಿಕೊಳ್ಳಿ, ಪಾಚಿ ಕಟ್ಟಿದ ಕಲ್ಲು ಜಾರುತ್ತದೆ. ಬಂಡೆಗಳ ಹತ್ತಿರ ಈಜಲು ಇಳಿಯಬೇಡಿ. ದಯವಿಟ್ಟು ಕಂಬದ ಮೇಲೆ ಹೆಸರು ಗೀಚಬೇಡಿ, ಒಂದು ಕಡೆ ಯಾರೋ ಗೀಚಿದ್ದು ನೋಡಿ ಅಮ್ಮ ಸೆರಗಿನಿಂದ ಉಜ್ಜಿದಳು, ಹೋಗಲಿಲ್ಲ.

ಬೋಟಿನವರಿಗೆ ಒಂದೇ ಕೋರಿಕೆ. ದಾರಿಯಲ್ಲಿ ಹಾಡು ಹಾಕುವ ಸ್ಪೀಕರಿನಲ್ಲೇ ಐದು ನಿಮಿಷ ಈ ಕಲ್ಲಿನ ಕತೆ ಹೇಳಿ, ಕನ್ನಡದಲ್ಲಿ, ತುಳುವಿನಲ್ಲಿ. ಒಂದು ಗಂಟೆ ಬದಲು ಎರಡು ಗಂಟೆ ಬಿಡಿ. ನಮ್ಮನ್ನು ಕರೆಯಲು ಸೀಟಿ ಊದಿದಾಗ ಅಮ್ಮ ಇನ್ನೂ ಕಂಬಗಳ ಮುಖ ಎಣಿಸುತ್ತಿದ್ದಳು. ಈ ಡಿಸೆಂಬರಿನಲ್ಲಿ ಬೆಳಗಿನ ಮೊದಲ ಬೋಟಿಗೇ ಮತ್ತೆ ಹೋಗುತ್ತಿದ್ದೇವೆ.